ಬಸ್ಸಾರಿನ ಕಟ್ಟು

ಮಾರ್ಚ್ 22, ಭಾನುವಾರ. ಅನುಗೊಂಡನಹಳ್ಳಿ.

ಸಾರಿ, ಎಕ್ಸಾಮ್‌ಗೆ ಓದುವುದು ಬಿಟ್ಟು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಜ್ವರ ಬಂದಾಗಿನಿಂದ ಅಜ್ಜಿ ಹನ್ನೊಂದು ದಿನ ಗಂಜಿ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ಇವತ್ತು ಬೆಳಗ್ಗೆ ತಾನಾಗಿಯೇ, "ಬೆರಕೆ ಸೊಪ್ಪಿನ ಬಸ್ಸಾರು ಉಣ್ಬೇಕು ಅನ್ನಿಸ್ತೈತೆ" ಅಂದಳು. ಖುಷಿಯಲ್ಲಿ ನಾನೇ ಮಾಡ್ತೀನಿ ಅಂದುಬಿಟ್ಟೆ. ನನ್ನ ತೋಳು ಹಿಡಿದು ಟೊಮೆಟೊ ತೋಟದವರೆಗೂ ಬಂದಳು. ಯುಗಾದಿ ಕಳೆದು ಸಾಲುಗಳ ನಡುವೆಲ್ಲ ಎಳೆ ಸೊಪ್ಪು. ಬದುವಿನ ಮೇಲೆ ಕೂತು ಕೋಲಿನಲ್ಲಿ ತೋರಿಸಿದಳು: ಗಣಿಕೆ, ಕೀರೆ, ಅಣ್ಣೆ.

ನಾನು ಇನ್ಯಾವುದೋ ಗಿಡ ಕಿತ್ತೆ. "ಅದು ಕಳೆ ಕಣೇ! ಹಾಸ್ಟೆಲಲ್ಲಿ ಹಸುಗೆ ಹಾಕೋದ್ನೇ ತಿನ್ನಿಸ್ತಾರಾ ನಿಂಗೆ?" ಎಂದು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

ಸೊಪ್ಪು, ಹೆಸರುಕಾಳು ಬೇಯಿಸಿ, ಪಾಸ್ತಾಗೆ ಮಾಡುವ ಹಾಗೆ ನೀರನ್ನೆಲ್ಲ ಸಿಂಕಿಗೆ ಸುರಿದೆ.

ಅಜ್ಜಿ ಒಳಗೆ ಬಂದು ಪಾತ್ರೆ ನೋಡಿದಳು. "ಕಟ್ಟು ಎಲ್ಲಿ ಮಗಾ?"

ಕಟ್ಟು ಅಂದರೆ ನಾನು ಸುರಿದ ಆ ನೀರೇ; ಅದರಲ್ಲೇ ಸಾರು ಮಾಡುವುದಂತೆ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು, ನಂಗೂ ಅಂಥಾ ಹಸಿವಿರ್ಲಿಲ್ಲ" ಅಂದು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಗಂಜಿಯೂ ಬೇಡವೆಂದಳು.

ಪ್ರತಿ ರಜೆಯಲ್ಲೂ ಅವಳ ಕೈಯಲ್ಲಿ ಇದೇ ಸಾರು ಉಂಡಿದ್ದೇನೆ. ಒಂದು ಸಲವೂ ಅಡುಗೆಮನೆಗೆ ಹೋಗಿ ನೋಡಲಿಲ್ಲ. ಯೂಸ್‌ಲೆಸ್. ಇನ್ನೊಂದು ಸಲ ಅವಳು ಬಾಯಿಬಿಟ್ಟು ಕೇಳದೇ ಹೋದರೆ...

ಶಿಲ್ಪ ಚಿಕ್ಕಮ್ಮನಿಗೆ ಮೆಸೇಜ್ ಹಾಕಿದ್ದೇನೆ: ಬಸ್ಸಾರು ಮೊದಲಿನಿಂದ ಹೇಳಿಕೊಡು, ನಾಳೆ ಅಜ್ಜಿ ಏಳೋದ್ರೊಳಗೆ ಸೊಪ್ಪು ತರ್ತೀನಿ. ಬೇಗ ರಿಪ್ಲೈ ಮಾಡು, ಪ್ಲೀಸ್.