ಮತಪತ್ರದ ಎರಡನೇ ಹೆಸರು

ಮಾರ್ಚ್ ೧೨, ಹೊಲಿಗೆ ಅಂಗಡಿಯಿಂದ

ಡಾಕ್ಟರಮ್ಮನವರಿಗೆ ನಮಸ್ಕಾರ.

ನಗರಸಭೆ ಚುನಾವಣೆಗೆ ನಿಮ್ಮದೇ ಹೆಸರಿನ ಇನ್ನೊಬ್ಬಳು ನಿಂತಿದ್ದಾಳೆಂದು ಕೇಳಿರುತ್ತೀರಿ. ಅದು ನಾನೇ. ನಿಮ್ಮ ಎದುರಾಳಿ ನಮ್ಮ ಅಂಗಡಿಯ ಮಾಲೀಕರು. ನನ್ನ ನಾಮಪತ್ರವನ್ನು ಅವರೇ ತುಂಬಿಸಿ ತಂದರು. “ನೀನು ಗೆಲ್ಲೋದೇನೂ ಬೇಡಮ್ಮ, ಹೆಸರೊಂದಿದ್ರೆ ಸಾಕು. ಮುನ್ನೂರು ಜನ ತಪ್ಪಿ ನಿನಗೆ ಹಾಕಿದ್ರೂ ಡಾಕ್ಟರಮ್ಮ ಮನೆಗೆ!” ಎಂದು ನಕ್ಕರು. ಅಂಗಡಿ ಬಿಡಿಸಿಯಾರೆಂದು ಹೆದರಿ ಸಹಿ ಹಾಕಿದೆ.

ನನ್ನ ಹೆರಿಗೆಯ ದಿನ ನೀವು ಚೀಟಿ ನೋಡಿ, “ಓಹೋ, ನನ್ನ ಹೆಸರಿನವಳಾ? ಹಾಗಾದ್ರೆ ನಿನಗೇನೂ ಆಗಲ್ಲ ಬಿಡು” ಎಂದಿದ್ದಿರಿ.

ನಾಮಪತ್ರ ವಾಪಸ್ ಪಡೆಯಲು ನಾಳೆ ಮೂರು ಗಂಟೆ ಕೊನೆ. ನಿಮ್ಮ ಬಿಳಿ ಕೋಟು ಹೊಲಿದಾಗಿದೆ. ಬೆಳಿಗ್ಗೆಯೇ ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಆಮೇಲೆ ಅಂಗಡಿಯ ಬೀಗದ ಕೈ ನನ್ನ ಹತ್ತಿರ ಇರುತ್ತದೋ ಇಲ್ಲವೋ. ವಾಪಸಾತಿಯ ಅರ್ಜಿ ಬರೆದು ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಇಂತಿ,
ನಿಮ್ಮ ಹೆಸರಿನವಳು