ಸಂಪಿಗೆ ಬಣ್ಣದ ಕೋಣೆ

ಜಯನಗರ
೧೪ ಸೆಪ್ಟೆಂಬರ್ ೨೦೨೫

ಇಂಚರಳ ಅಪ್ಪನಿಗೆ,

ಕಾತ್ಯಾಯಿನಿಯ ನಮಸ್ಕಾರ. ನಾನೂ ಮಗಳೂ ಕ್ಷೇಮ. ಹತ್ತು ದಿನದಿಂದ ನಿಮ್ಮ ಫೋನು ಎತ್ತಿಲ್ಲ, ತಪ್ಪು ತಿಳಿಯಬೇಡಿ. ಕೈ ತುಂಬ ಕೆಲಸ, ಉಗುರು ತುಂಬ ಗೋಡೆಯ ಪುಟ್ಟಿ. ಫೋನಿನಲ್ಲಾದರೆ ನಡುವೆ ನೀವು ಮಾತಾಡುತ್ತೀರಿ. ಅದಕ್ಕೇ ಕಾಗದ.

ಹಾಸನಕ್ಕೆ ವರ್ಗವಾದ ಮೇಲೆ ನೀವು ಬರುವುದು ತಿಂಗಳಿಗೊಮ್ಮೆ. ಹೋದ ಸಲ ಬಂದವರು, "ಮನೆ ಮಂಕಾಗಿದೆ ಕಣೇ. ಆಳು ಕರೀಬೇಡ, ಸ್ವಲ್ಪ ಸ್ವಲ್ಪ ನೀನೇ ಮಾಡ್ಕೋ, ಟೈಂಪಾಸೂ ಆಗುತ್ತೆ" ಅಂದಿರಿ. ಮಾಡಿಕೊಂಡೆ. ನಡುಮನೆಯ ಕೆಂಪು ನೆಲ ತೊಳೆದು ಮೇಣ ತಿಕ್ಕಿದೆ. ಈಗ ಫ್ಯಾನು ಅದರೊಳಗೂ ತಿರುಗುತ್ತದೆ. ಕಿಟಕಿ ಸರಳುಗಳ ತುಕ್ಕು ಉಜ್ಜಿ ತೆಗೆದೆ. ಮದುವೆಯ ಹಸಿರು ಸೀರೆ ಮಡಿಕೆಯಲ್ಲೇ ಹರಿದಿತ್ತು. ನಾಲ್ಕು ದಿಂಬಿಗೆ ಗವಸಾಯಿತು. ಇಂಚರ ಸ್ಟೂಲು ಹಿಡಿದುಕೊಂಡು, "ಅಮ್ಮ, ನೀನ್ ಬಿದ್ರೆ ಅಪ್ಪ ನನ್ನ ಬೈತಾರೆ" ಎಂದು ನಗಿಸುತ್ತಿದ್ದಳು.

ಉಳಿದದ್ದು ಅವಳ ಕೋಣೆ. ಕಿಟಕಿಯ ಕೆಳಗೆ ತೇವ ಬಂದು ಬಣ್ಣ ಎದ್ದಿತ್ತು. ಸಾರಕ್ಕಿಯ ದಾಸಪ್ಪನ ಪೇಂಟ್ ಅಂಗಡಿಗೆ ಹೋಗಿ ನಿಮ್ಮ ನಂಬರು ಹೇಳಿದೆ. ಅವನ ಕಂಪ್ಯೂಟರಿನಲ್ಲಿ ಗಿರಾಕಿಯ ಫೋನ್ ನಂಬರಿನ ಜೊತೆ ಬಣ್ಣದ ಅಳತೆಯೂ ಇರುತ್ತದೆ. ಎಷ್ಟು ವರ್ಷವಾದರೂ ಅದೇ ಬಣ್ಣ ಬೆರೆಸಿ ಕೊಡುತ್ತಾನೆ.

"ಎರಡು ಮನೆ ತೋರಿಸ್ತಾ ಇದೆ ಮೇಡಂ. ಜಯನಗರದ್ದಾ, ಪುಟ್ಟೇನಹಳ್ಳಿದಾ?"

ನಾನು ಪರದೆಯ ಕಡೆ ಬಗ್ಗಿ ನೋಡಿದೆ.

"ಎರಡಕ್ಕೂ ಒಂದೇ ಬಣ್ಣ ಬಿಡಿ. ಮಾರ್ಚಲ್ಲಿ ಸಾರೇ ಬಂದಿದ್ರಲ್ಲ, ಪಾಪು ರೂಮಿಗೆ ಅಂತ. ನಿಮ್ಮ ತಂಗಿ ಮನೇನಾ?"

"ಹೂಂ" ಎಂದೆ. ನನಗೆ ತಂಗಿಯಿಲ್ಲ.

ವಿಳಾಸ ಪರದೆಯ ಮೇಲೇ ಇತ್ತು. ಆಟೋ ಹತ್ತಿ, ಪುಟ್ಟೇನಹಳ್ಳಿ ಕೆರೆಯ ಪಕ್ಕದ ಆ ರಸ್ತೆಯಲ್ಲಿ ಒಂದು ನಿಮಿಷ ನಿಲ್ಲಿಸಲು ಹೇಳಿದೆ. ಎರಡನೇ ಮಹಡಿ. ತಂತಿಯ ಮೇಲೆ ಎಳೆಗೂಸಿನ ಬಟ್ಟೆಗಳು, ಅವುಗಳ ನಡುವೆ ನಿಮ್ಮ ಕಂದು ಗೆರೆಯ ಶರ್ಟು. ತೋಳಿನ ಗುಂಡಿ ನಾನು ಹಾಕಿದ್ದು, ದಾರದ ಬಣ್ಣ ಬೇರೆ. ಹೆಂಗಸೊಬ್ಬಳು ಕಿಟಕಿ ತೆರೆದಳು. ಅವಳ ಹಿಂದೆ ಗೋಡೆ ಕಂಡಿತು. ಬಣ್ಣ ಚೆನ್ನಾಗಿ ಕೂತಿದೆ.

"ಯಾರಾದ್ರೂ ಬರ್ಬೇಕಾ ಆಂಟಿ?" ಎಂದ ಆಟೋದವನು.

"ಇಲ್ಲಪ್ಪ, ನಡಿ."

ಮನೆಗೆ ಬಂದು ಗೋಡೆ ಮುಗಿಸಿದೆ. ತೇಪೆ ಹಾಕಿದ್ದು ಗೊತ್ತಾಗುವುದಿಲ್ಲ. ಇಂಚರಳಿಗೆ ಏನೂ ಹೇಳಿಲ್ಲ. "ದಸರಾಕ್ಕೆ ಅಪ್ಪ ಬಂದಾಗ ಕಣ್ಣು ಮುಚ್ಚಿ ಒಳಗೆ ಕರ್ಕೊಂಡು ಬರೋಣ" ಎನ್ನುತ್ತಿದ್ದಾಳೆ. ಅಷ್ಟರೊಳಗೆ ಅವಳಿಗೆ ನೀವೇ ಹೇಳಿ. ಹೇಳದೆ ಬಂದರೆ ನಾನು ಗೇಟು ತೆಗೆಯುವುದಿಲ್ಲ.

ಈ ಕಾಗದವನ್ನು ಪುಟ್ಟೇನಹಳ್ಳಿಗೇ ಹಾಕುತ್ತಿದ್ದೇನೆ, ಹಾಸನಕ್ಕಿಂತ ಬೇಗ ಸಿಗುತ್ತದೆ. ಆರೋಗ್ಯ ನೋಡಿಕೊಳ್ಳಿ. ಆ ಮಗು ಚೆನ್ನಾಗಿರಲಿ, ಅದು ಏನೂ ಮಾಡಿಲ್ಲ.

ಇಂತಿ,
ಕಾತ್ಯಾಯಿನಿ

ತಾ.ಕ.: ಇಂಚರ ಹೊಟ್ಟೆಯಲ್ಲಿದ್ದಾಗ ಒಂದು ಸಂಪಿಗೆ ಎಸಳು ತೆಗೆದುಕೊಂಡು ಹೋಗಿ, ದಾಸಪ್ಪನ ಎದುರು ಅರ್ಧ ದಿನ ಕೂತು ಆ ಬಣ್ಣ ಮಾಡಿಸಿದವಳು ನಾನು. ಪೇಂಟಿನ ವಾಸನೆಗೆ ತಲೆನೋವು ಎಂದು ನೀವು ಮೂರು ದಿನ ಅಣ್ಣನ ಮನೆಯಲ್ಲಿ ಮಲಗಿದಿರಿ. ಏಳು ತಿಂಗಳಾಗಿತ್ತು ನನಗೆ. ಸ್ಟೂಲಿನ ಮೇಲೆ ನಿಂತು ಒಬ್ಬಳೇ ಬಳಿದೆ. ಆಗ ಬೇಸರವಾಗಲಿಲ್ಲ, ಪಾಪ ತಲೆನೋವು ಅಂದುಕೊಂಡೆ. ಮೊನ್ನೆ ದಾಸಪ್ಪ ಡಬ್ಬಿಯ ಮುಚ್ಚಳ ಬಡಿಯುತ್ತ ಹೇಳಿದ: "ಪೇಂಟರ್ ಕಳಿಸ್ತೀನಿ ಅಂದ್ರೂ ಸಾರ್ ಕೇಳ್ಲಿಲ್ಲ ಮೇಡಂ. ಪಾಪು ರೂಮು, ನಾನೇ ಹೊಡೀಬೇಕು ಅಂತ, ಇಲ್ಲೇ ನಿಂತು ರೋಲರ್ ಹಿಡಿಯೋದು ಕಲಿತ್ರು."

ಕೇಳಿದ್ದರೆ ನಾನು ಹೇಳಿಕೊಡುತ್ತಿದ್ದೆ.