ಹಾಯಿಯ ಹಗ್ಗ ಯಾರ ಕೈಯಲ್ಲಿ

ಗರ್ಲ್ಸ್ ಹಾಸ್ಟೆಲ್, ಮಧುಗಿರಿ

ಅಪ್ಪ,

ಸಮುದ್ರದಲ್ಲಿ ನಿಮ್ಮ ಫೋನ್ ಸಿಗುತ್ತಿಲ್ಲ. ಅದಕ್ಕೇ ನೀವು ಮುಂದೆ ನಿಲ್ಲುವ ಮಲ್ಪೆ ಬಂದರಿಗೆ ಬರೆಯುತ್ತಿದ್ದೇನೆ.

ರಿಟೈರ್ ಆದವರು ಕಾಶಿಗೆ ಹೋಗ್ತಾರೆ. ನೀವು ದಸರಾ ಮುಗಿದದ್ದೇ ಅಮ್ಮನನ್ನು ಹಾಯಿದೋಣಿಯಲ್ಲಿ ಕೂರಿಸಿಕೊಂಡು ಕಾರವಾರದಿಂದ ಕೊಚ್ಚಿಗೆ ಹೊರಟಿದ್ದೀರಿ. ಫ್ರೆಂಡ್ಸ್ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ಹೊನ್ನಾವರದಿಂದ ಕಳಿಸಿದ ಫೋಟೊದಲ್ಲಿ ಹಾಯಿಯ ಹಗ್ಗ ನಿಮ್ಮ ಕೈಯಲ್ಲಿದೆ. ಅಮ್ಮ ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಕಡ್ಲೆಕಾಯಿ ಸುಲಿಯುತ್ತಿದ್ದಾಳೆ. ದೋಣಿ ಎರಡು ಸಲ ಮಗುಚುವ ಹಾಗಾಯಿತು ಅಂತ ಕೆಳಗೆ ಸ್ಮೈಲಿ ಹಾಕಿ ಬರೆದಿದ್ದೀರಿ. ಟೆನ್ಶನ್ ಆಗಿ ಭಾನುವಾರ ಮಿಡಿಗೇಶಿಗೆ ಹೋಗಿ ಅಜ್ಜಿಗೆ ತೋರಿಸಿದೆ.

"ಗಾಳಿ ಕೆಲ್ಸಾನ ನನ್ನ ಮಗನ ಕೈಗೆ ಯಾರ್ ಕೊಟ್ರಮ್ಮಾ?" ಅಂದಳು. "ಕಣದಾಗೆ ಅವ್ನು ರಾಗಿ ತೂರಿದ್ರೆ ಹೊಟ್ಟೆಲ್ಲಾ ಅವನ ಮಖಕ್ಕೇ ಬೀಳೋದು. ನಿಮ್ಮವ್ವ ಮೊರ ಎತ್ತೋಕ್ ಮುಂಚೇನೇ ಗಾಳಿ ಯಾವ್ ಕಡೆಯಿಂದ ಬತ್ತೈತೆ ಅಂತ ಹೇಳೋಳು ಕಣಮ್ಮ."

ನೀವು ಮೂರು ತಿಂಗಳು ಹಾಯಿದೋಣಿ ನಡೆಸುವ ಕೋರ್ಸ್ ಮಾಡಿದ್ದೀರಿ. ಯಾರು ಸರಿ ಅಂತ ನನಗೆ ಪೂರ್ತಿ ಕನ್‌ಫ್ಯೂಸ್ ಆಗಿದೆ. ಆದರೂ ಮಲ್ಪೆಯಿಂದಾಚೆಗೆ ಹಗ್ಗ ಅಮ್ಮನಿಗೆ ಕೊಡಿ. ಕಡ್ಲೆಕಾಯಿ ನೀವು ಸುಲೀರಿ.

ಅಮ್ಮನ ಕೈಯಲ್ಲಿ ಹಗ್ಗ ಇರುವ ಫೋಟೊ ಬಂದ ಮೇಲೆ ಇಂಟರ್ನಲ್ಸ್‌ಗೆ ಓದಲು ಕೂರುತ್ತೇನೆ.

ನಿಮ್ಮ ಮಗಳು,
ಲೋಹಿತಾ